ರೈತನ ಕಡೆಗೆ ತಿರುಗಿದ ಪರದೆ

ಸಿಬ್ಬಂದಿಯ ನೆರವಿಲ್ಲದೆ ಜನರೇ ಪರದೆ ಮುಟ್ಟಿ ಬೇಕಾದ ಮಾಹಿತಿ ಪಡೆಯುವ ಯಂತ್ರವನ್ನು ಕಿಯಾಸ್ಕ್ ಎನ್ನುತ್ತಾರೆ. ಇಂದು ರೈಲು ನಿಲ್ದಾಣ, ಬ್ಯಾಂಕು, ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಈ ವ್ಯವಸ್ಥೆಯ ಆರಂಭದ ರೂಪಗಳಲ್ಲೊಂದು 1977ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬಳಕೆಗೆ ಬಂತು. ಕಂಪ್ಯೂಟರಿನ ಮೂಲಕ ಪಾಠ ಹೇಳಲೆಂದು ಅಲ್ಲಿ ಬೆಳೆಸಿದ್ದ 'ಪ್ಲೇಟೋ' ಜಾಲವನ್ನೇ ಆಧರಿಸಿ ಮರ್ರೆ ಲ್ಯಾಪ್ ಎಂಬ ವಿದ್ಯಾರ್ಥಿ ರೂಪಿಸಿದ ಆ ಯಂತ್ರದಲ್ಲಿ ನಕ್ಷೆ, ಬಸ್ಸಿನ ವೇಳಾಪಟ್ಟಿ, ಸಿನಿಮಾ ವಿವರಗಳು ಸಿಗುತ್ತಿದ್ದವು. ಪ್ಲೇಟೋ ಪರದೆಯ ಮುಂದೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಅಡ್ಡಡ್ಡ, ಉದ್ದುದ್ದ ಹಾಯುತ್ತಿದ್ದು, ಬೆರಳು ಅವುಗಳನ್ನು ತಡೆದ ಜಾಗವನ್ನು ಗುರುತಿಸಿ ಯಂತ್ರವು ಉತ್ತರ ಕೊಡುತ್ತಿತ್ತು.

ಕರ್ನಾಟಕದಲ್ಲಿ ಕಿಯಾಸ್ಕ್ ಎಂಬ ಮಾತು ಹಳ್ಳಿಗಾಡನ್ನು ಮುಟ್ಟಿದ್ದು ಪಹಣಿಯ ಮೂಲಕ. ಜಮೀನಿನ ಒಡೆತನ, ವಿಸ್ತೀರ್ಣ, ಬೆಳೆ, ಸಾಲಗಳ ವಿವರ ಹೊತ್ತ ಪಹಣಿಯನ್ನು ಹಿಂದೆ ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ಬರೆದಿಡುತ್ತಿದ್ದರು. ಪುಸ್ತಕ ಅವರ ಸುಪರ್ದಿಯಲ್ಲೇ ಇದ್ದುದರಿಂದ ಪ್ರತಿಗಾಗಿ ಅಲೆದಾಟವೂ ಲಂಚವೂ ರೈತರಿಗೆ ತಪ್ಪುತ್ತಿರಲಿಲ್ಲ. 2000ದ ಸುಮಾರಿಗೆ ಬಳಕೆಗೆ ಬಂದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿತು. ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು.

ಆದರೆ ಇದು ಪೂರ್ಣ ಸ್ವಯಂಸೇವೆಯಾಗಿರಲಿಲ್ಲ. ಕಂಪ್ಯೂಟರಿನ ಮುಂದೆ ಸಿಬ್ಬಂದಿಯೇ ಕೂರುತ್ತಿದ್ದರೂ ಅವರು ತೆರೆದ ದಾಖಲೆ ರೈತನಿಗೂ ಕಾಣುವಂತೆ ಎರಡನೆಯ ಪರದೆಯೊಂದನ್ನು ಅವನ ಕಡೆಗೆ ತಿರುಗಿಸಿ ಇಡಲಾಗಿತ್ತು. ಬೆರಳಚ್ಚು ಕೊಡದೆ ಸಿಬ್ಬಂದಿ ದಾಖಲೆ ಬದಲಿಸುವಂತಿರಲಿಲ್ಲ. ಮಾರಾಟ ಅಥವಾ ವಾರಸುದಾರಿಕೆಯಿಂದ ಹೆಸರು ಬದಲಾಗುವ 'ಮ್ಯುಟೇಶನ್' ಅರ್ಜಿಗಳನ್ನು ಬಂದ ಸರದಿಯಂತೆಯೇ ಕೈಗೆತ್ತಿಕೊಳ್ಳಬೇಕಿತ್ತು. ಇದರ ಮುಂದಿನ ಹೆಜ್ಜೆಯಾಗಿ, ರೈತರು ತಾವೇ ಮುಟ್ಟಿ ವಿವರ ನೋಡಬಹುದಾದ ಟಚ್‌ಸ್ಕ್ರೀನ್ ಯಂತ್ರಗಳನ್ನು ಕೆಲವು ತಾಲ್ಲೂಕು ಕಚೇರಿಗಳಲ್ಲಿ ಪ್ರಾಯೋಗಿಕವಾಗಿ ಇರಿಸಲಾಯಿತು.

ಈಗ ಪಹಣಿಯನ್ನು ಅಂತರ್ಜಾಲದಲ್ಲೇ ನೋಡಬಹುದಾಗಿದ್ದು, ಕಚೇರಿಯವರೆಗೆ ಹೋಗುವ ಅಗತ್ಯ ಕಡಿಮೆಯಾಗಿದೆ. ಹಾಗಿದ್ದರೂ ಓದು ಬಾರದವರಿಗೆ ನೆರವಾಗುವ ಸಿಬ್ಬಂದಿ ಇಲ್ಲದೆ ಸ್ವಯಂಸೇವೆ ಎಲ್ಲರ ಸೇವೆಯಾಗದು. ಪಹಣಿಯಲ್ಲಿನ ತಪ್ಪನ್ನು ಪರದೆ ತೋರಿಸಬಲ್ಲದು, ತಿದ್ದಲಾರದು. ತಿದ್ದುಪಡಿಗೆ ರೈತ ಇಂದಿಗೂ ಕಂದಾಯ ಇಲಾಖೆಗೇ ಅರ್ಜಿ ಹಾಕಬೇಕು.