ಒಂದು ಹಲ್ಲು ತಪ್ಪಿದರೆ...

ಬೆಳಿಗ್ಗೆ ಕಾರು ಚಾಲೂ ಮಾಡಿದಾಗಲೆಲ್ಲ ಇಂಜಿನ್ನಿನ ಮುಂಭಾಗದಿಂದ ಗಲಗಲ ಸದ್ದು. ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಸ್ವಲ್ಪ ಹೊತ್ತಿನಲ್ಲಿ ತಾನೇ ಸುಮ್ಮನಾಗುತ್ತಿತ್ತು. ಪರಿಚಯದ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, ‘ಟೈಮಿಂಗ್ ಚೈನು ಸಡಿಲವಾಗಿದೆ ಸಾರ್, ಹೊಸದು ಹಾಕಿಸಿಬಿಡಿ’ ಎಂದರು. ಕಾರಿಗೂ 30ರ ಹತ್ತಿರ ವಯಸ್ಸು. ದಸರಾ ರಜೆ ಬೇರೆ. ದ್ವಿತೀಯ ಪಿಯುಸಿಯ ಮಗಳು ‘ಅಪ್ಪಾ, ನಾವೇ ಮಾಡೋಣ’ ಎಂದಳು. ಹಿಂದೆ ಅಷ್ಟಿಷ್ಟು ರಿಪೇರಿ ಮಾಡಿದ್ದ ಧೈರ್ಯದ ಮೇಲೆ ನಾನೂ ತಲೆಯಾಡಿಸಿದೆ.

ಸರಪಣಿಯ ಕೆಲಸವೇನು?

1876ರಲ್ಲಿ ಜರ್ಮನಿಯ ನಿಕೋಲಸ್ ಆಟೊ ನಾಲ್ಕು ಹೊಡೆತದ ಇಂಜಿನ್ ರೂಪಿಸಿದ. ಗಾಳಿ ಮತ್ತು ಇಂಧನವನ್ನು ಹೀರುವುದು, ಅದುಮುವುದು, ಉರಿಸುವುದು, ಹೊಗೆ ಉಗುಳುವುದು- ಇವೇ ಆ ನಾಲ್ಕು. ಇಷ್ಟು ಮುಗಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿರುತ್ತದೆ. ಆದರೆ ಪ್ರತಿಯೊಂದು ವಾಲ್ವು ತೆರೆಯಬೇಕಾದದ್ದು ಒಂದೇ ಬಾರಿ. ಆದ್ದರಿಂದ ವಾಲ್ವುಗಳನ್ನು ತೆರೆಸುವ ಕ್ಯಾಮ್ ದಂಡ ಅರ್ಧ ವೇಗದಲ್ಲಿ ತಿರುಗಬೇಕು. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲಿದ್ದರೆ ಕ್ಯಾಮಿನ ಚಕ್ರಕ್ಕೆ 40. ಇವೆರಡನ್ನೂ ಕಟ್ಟಿಹಾಕುವುದೇ ಟೈಮಿಂಗ್ ಚೈನು.

ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನಿ. ಆಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಅದೂ ಪಿಸ್ಟನ್ನಿನ ಚಲನೆಗೆ ಸರಿಯಾಗಿ! ತಬಲಾ ಮತ್ತು ಹಾಡಿನ ಹೊಂದಾಣಿಕೆಯಂತೆ ಇದು. ತಾಳ ತಪ್ಪಿದರೆ ಕಚೇರಿ ಕೆಡುತ್ತದೆ.

ಹಳೆಯ ಅಂಬಾಸಿಡರ್‌ನ 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿನಲ್ಲಿ ಸರಪಣಿಯಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಅದೇ ಕೆಲಸವನ್ನು ಹಲ್ಲಿರುವ ರಬ್ಬರ್ ಬೆಲ್ಟು ಮಾಡುತ್ತಿತ್ತು. ಬೆಲ್ಟಿಗೆ ಎಣ್ಣೆ ತಾಗಕೂಡದು. ಸರಪಣಿಗಾದರೋ ಇಂಜಿನ್ ಆಯಿಲ್ಲೇ ಜೀವ. ಆಯಿಲ್ ಬದಲಿಸಲು ಅಸಡ್ಡೆ ಮಾಡಿದರೆ ಅದರ ಕೀಲುಗಳು ಸವೆಯುತ್ತವೆ. ಒಂದೊಂದು ಕೀಲು 0.05 ಮಿ.ಮೀ. ಸವೆದರೂ 96 ಕೊಂಡಿಗಳ ಸರಪಣಿ ಸುಮಾರು 5 ಮಿ.ಮೀ. ಉದ್ದವಾದಂತೆ. ಬೆಳಗಿನ ಗಲಗಲ ಸದ್ದಿನ ಮೂಲ ಇದೇ.

ಗುರುತಿಗೆ ಗುರುತು

ಕೈಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಕೆಲಸ ಆರಂಭಿಸಿದೆವು. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದರೆ ಇಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಮೊದಲನೆಯ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬರಬೇಕು. ಆದರೆ ಎರಡು ಸುತ್ತಿನಲ್ಲಿ ಅದು ಎರಡು ಬಾರಿ ತುದಿಗೆ ಬರುತ್ತದೆ! ನಮಗೆ ಬೇಕಾದದ್ದು ಯಾವುದು? ಮಗಳು ಪ್ಲಗ್ಗಿನ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದಳು, ನಾನು ಸ್ಪ್ಯಾನರಿನಿಂದ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿದೆ. ಗಾಳಿ ಬೆರಳನ್ನು ತಳ್ಳಿತು. ಅದೇ ಅದುಮುವ ಹೊಡೆತ. ಪುಲ್ಲಿಯ ಗುರುತು ಸೂಚಿಗೆ ಸೇರಿತು.

ಮುಂಭಾಗದ ಮುಚ್ಚಳ ತೆಗೆದು, ಬಿಗಿಗೊಳಿಸುವ ಟೆನ್ಷನರ್ ಸಡಿಲಿಸಿ, ಹಳೆಯ ಸರಪಣಿ ಕಳಚಿದೆವು. ಹೊಸದರಲ್ಲಿ ಎರಡು ಬಣ್ಣದ ಕೊಂಡಿಗಳಿದ್ದವು. ಒಂದು ಕೆಳಚಕ್ರದ ಗುರುತಿನ ಹಲ್ಲಿಗೆ, ಇನ್ನೊಂದು ಮೇಲಿನ ಚಕ್ರದ ಗುರುತಿನ ಹಲ್ಲಿಗೆ ಕೂರಬೇಕು. ಕೂರಿಸಿ, ಟೆನ್ಷನರ್ ಬಿಗಿದಾಗ ಸಂಜೆ ಮಬ್ಬಾಗಿತ್ತು.

ಇನ್ನು ಪರೀಕ್ಷೆ. ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ ನೋಡಬೇಕು. ನಡುವೆ ಎಲ್ಲಾದರೂ ತಡೆದರೆ ಬಲ ಹಾಕಕೂಡದು. ಸುತ್ತು ಸರಾಗವಾಗಿಯೇ ಮುಗಿಯಿತು. ಕೆಳಗಿನ ಗುರುತು ಕೂಡಿಬಂತು. ಮೇಲಿನದು ಮಾತ್ರ ಒಂದು ಹಲ್ಲಿನಷ್ಟು ಹಿಂದೆ!

ಹದಿನೆಂಟು ಡಿಗ್ರಿಯ ಪಾಠ

ಬೆನ್ನು ನೋಯುತ್ತಿತ್ತು. ಕೈಯೆಲ್ಲ ಮಸಿ. ‘ಒಂದು ಹಲ್ಲು ತಾನೆ, ಮುಚ್ಚಿಬಿಡೋಣ. ಓಡುತ್ತೆ ಬಿಡಮ್ಮ’ ಎಂದೆ.

ಮಗಳು ಒಪ್ಪಲಿಲ್ಲ. ಸೀಮೆಸುಣ್ಣ ತಂದು ಅಂಗಳದ ಕಲ್ಲಿನ ಮೇಲೆ ಲೆಕ್ಕ ಬರೆದಳು. 360ನ್ನು 40ರಿಂದ ಭಾಗಿಸಿದರೆ 9. ಒಂದು ಹಲ್ಲು ಎಂದರೆ ಕ್ಯಾಮಿಗೆ 9 ಡಿಗ್ರಿ. ಕ್ಯಾಮಿನ 9, ಕ್ರ್ಯಾಂಕಿಗೆ 18 ಡಿಗ್ರಿ. ‘ಅಪ್ಪಾ, ವಾಲ್ವು 18 ಡಿಗ್ರಿ ತಡವಾಗಿ ತೆರೆಯುತ್ತೆ, ತಡವಾಗಿ ಮುಚ್ಚುತ್ತೆ. ಇದು ಸಣ್ಣದಾ?’

ಸಣ್ಣದಲ್ಲ. ಒಂದು ಹಲ್ಲು ತಪ್ಪಿದ ಇಂಜಿನ್ ಓಡಬಹುದು. ಆದರೆ ಶಕ್ತಿ ಕುಗ್ಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇನ್ನಷ್ಟು ಹಲ್ಲು ತಪ್ಪಿದರೆ ಹಲವು ಇಂಜಿನ್‌ಗಳಲ್ಲಿ ಪಿಸ್ಟನ್ ಮೇಲೇರುವಾಗ ಇನ್ನೂ ತೆರೆದಿರುವ ವಾಲ್ವಿಗೆ ಬಡಿಯುತ್ತದೆ. ವಾಲ್ವು ಬಾಗಿದರೆ ಸರಪಣಿಯ ಖರ್ಚು ಹೋಗಿ ಇಂಜಿನ್ ಖರ್ಚು ಬಂದಂತೆ.

ಮರುದಿನ ಬೆಳಕಿನಲ್ಲಿ ಬಿಚ್ಚಿ ನೋಡಿದರೆ ತಪ್ಪು ನನ್ನದೇ. ಮಬ್ಬಿನಲ್ಲಿ ಮೇಲಿನ ಚಕ್ರದ ಗುರುತಿನ ಹಲ್ಲನ್ನು ಬಣ್ಣದ ಕೊಂಡಿಯ ಬದಲು ಪಕ್ಕದ ಕೊಂಡಿಗೆ ಕೂರಿಸಿದ್ದೆ. ಸರಿಪಡಿಸಿ ಮತ್ತೆ ಎರಡು ಸುತ್ತು ತಿರುಗಿಸಿದೆವು. ಚಕ್ರಗಳ ಗುರುತುಗಳೆರಡೂ ಸರಿಯಾಗಿ ಕೂಡಿದವು. ಆದರೆ ಬಣ್ಣದ ಕೊಂಡಿಗಳು ಎಲ್ಲೋ ಹೋಗಿದ್ದವು! ನನ್ನ ಎದೆ ಧಸಕ್ಕೆಂದಿತು.

ಈ ಬಾರಿ ನಕ್ಕವಳು ಮಗಳು. ‘ಇದು ಲ.ಸಾ.ಅ. ಅಪ್ಪಾ’ ಎಂದಳು. ಸರಪಣಿಗೆ 96 ಕೊಂಡಿ, ಕ್ಯಾಮ್ ಚಕ್ರಕ್ಕೆ 40 ಹಲ್ಲು. ಇವೆರಡರ ಲಘುತಮ ಸಾಮಾನ್ಯ ಅಪವರ್ತ್ಯ 480. ಕ್ರ್ಯಾಂಕಿನ ಒಂದು ಸುತ್ತಿಗೆ 20 ಕೊಂಡಿ ಸರಿಯುತ್ತವೆ. ಅಂದರೆ 24 ಸುತ್ತಿಗೊಮ್ಮೆ ಮಾತ್ರ ಬಣ್ಣದ ಕೊಂಡಿಗಳು ಮೊದಲಿನ ಜಾಗಕ್ಕೆ ಬರುತ್ತವೆ. ನಂಬದೆ ತಿರುಗಿಸುತ್ತಾ ಹೋದೆ. ಇಪ್ಪತ್ತನಾಲ್ಕನೆಯ ಸುತ್ತಿಗೆ ಕೊಂಡಿಗಳು ಗುರುತಿನ ಹಲ್ಲುಗಳ ಮೇಲೆ ಬಂದು ಕುಳಿತವು! ಹಿಂದೆ ನಾನೂ ಲ.ಸಾ.ಅ. ಕಲಿತವನೇ. ಅದು ಯಾವುದಕ್ಕೆ ಬೇಕು ಎಂದು ಮಾತ್ರ ಗೊತ್ತಿರಲಿಲ್ಲ.

ಎಲ್ಲ ಮನೆಯಲ್ಲೂ ಈ ಸಾಹಸ ಬೇಡ. ಈಚಿನ ಹಲವು ಇಂಜಿನ್‌ಗಳಿಗೆ ದಂಡಗಳನ್ನು ಅಲುಗದಂತೆ ಹಿಡಿಯುವ ವಿಶೇಷ ಸಲಕರಣೆ ಬೇಕು. ಅವನ್ನು ಬಲ್ಲವರಿಗೇ ಬಿಡುವುದು ಲೇಸು. ಮಾಡುವುದಾದರೆ ಆ ಕಾರಿನ ಕೈಪಿಡಿ ಎದುರಿಗಿರಲಿ, ಮಕ್ಕಳ ಜೊತೆ ದೊಡ್ಡವರಿರಲಿ. ಮತ್ತು ಮಕ್ಕಳು ‘ತಪ್ಪಿದೆ’ ಎಂದಾಗ ದೊಡ್ಡವರು ಒಮ್ಮೆ ನಿಂತು ಕೇಳಲಿ.

ಪ್ಲಗ್ ಹಾಕಿ, ತಂತಿ ಜೋಡಿಸಿ, ಕೀಲಿ ತಿರುಗಿಸಿದೆ. ಗಲಗಲ ಸದ್ದಿಲ್ಲ. ಅಂಗಳದ ಕಲ್ಲಿನ ಮೇಲಿನ ಆ ಲೆಕ್ಕವನ್ನು ಮಾತ್ರ ಮುಂದಿನ ಮಳೆಯವರೆಗೂ ನಾನು ತೊಳೆಯಲಿಲ್ಲ.