ಮರೆತ ತಟ್ಟೆಯ ಮರುದನಿ

ಅಚ್ಚು ನಿಂತುಹೋದ ಪುಸ್ತಕವನ್ನು ಅರಸಿ ಹೊರಟವರಿಗೆ ಒಂದು ಭರವಸೆಯುಂಟು. ಎಲ್ಲಿಯಾದರೂ ಒಂದು ಪ್ರತಿ ಕೈಸೇರಿದರೆ ಸಾಕು. ಹಾಳೆ ಹಳದಿಗೆ ತಿರುಗಿದ್ದರೂ ಅದನ್ನು ಓದಬಹುದು. ಮಾರುಕಟ್ಟೆಯಿಂದ ಮರೆಯಾದ ಸಂಗೀತದ ವಿಷಯ ಹಾಗಲ್ಲ. ಅದು ತಟ್ಟೆಯ ಗೀರಿನಲ್ಲಿಯೋ ಟೇಪಿನ ಕಾಂತೀಯ ಲೇಪದಲ್ಲಿಯೋ ಅಡಗಿ ಕುಳಿತಿರುತ್ತದೆ. ಅದನ್ನು ಹೊರಕ್ಕೆ ಕರೆಯಲು ಯಂತ್ರ ಬೇಕು. ಯಂತ್ರವು ತಕ್ಕ ವೇಗದಲ್ಲಿ ತಿರುಗಬೇಕು. ಕೆಲವೊಮ್ಮೆ ಒಂದು ಸಲ ಕೇಳುವ ಕಾರ್ಯವೇ ಕೇಳಬೇಕಾದುದನ್ನು ಅಳಿಸಿಬಿಡುವುದೂ ಉಂಟು. ಚಲನಚಿತ್ರಗಳ ಸಂಗೀತ, ಕುಣಿತಕ್ಕಾಗಿ ಹೊಸದಾಗಿ ಬೆರೆಸಿದ ರೀಮಿಕ್ಸುಗಳು ಮೊದಲಾದ ಅಪರೂಪದ ಮುದ್ರಣಗಳನ್ನು ಹುಡುಕಿ ತೆಗೆಯುವವರು ಇಂದು ಅನೇಕ ದೇಶಗಳಲ್ಲಿದ್ದಾರೆ. ಅವರ ಹುಡುಕಾಟ ಅಂಗಡಿಯ ಮೂಲೆಯಲ್ಲಿ ಆರಂಭವಾದರೂ ಮುಗಿಯುವುದು ಭೌತವಿಜ್ಞಾನದ ಅಂಗಳದಲ್ಲಿ.

ನಮ್ಮ ದೇಶದ್ದೇ ಆದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮುಂಬಯಿಯ ಚರಣಜಿತ್ ಸಿಂಗ್ ಎಂಬವರು ಹಿಂದಿ ಚಲನಚಿತ್ರಗಳ ವಾದ್ಯವೃಂದಗಳಲ್ಲಿ ಗಿಟಾರನ್ನೂ ವಿದ್ಯುತ್ ಕೀಲಿಮಣೆಗಳನ್ನೂ ನುಡಿಸುತ್ತಿದ್ದ ವಾದಕರು. ಅವರ ವಾದನವನ್ನು ಕೇಳಿದವರು ಅಸಂಖ್ಯ. ಹೆಸರನ್ನು ಬಲ್ಲವರು ಕಡಮೆ. ೧೯೮೨ರಲ್ಲಿ ಅವರು ಜಪಾನಿನ ರೋಲೆಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿಕೊಂಡು ಹತ್ತು ಹಿಂದೂಸ್ಥಾನಿ ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ನುಡಿಸಿದರು. ತಾಳಕ್ಕೆ ಟಿ.ಆರ್.-೮೦೮, ಮಂದ್ರಸ್ವರಗಳಿಗೆ ಟಿ.ಬಿ.-೩೦೩, ರಾಗದ ಸಂಚಾರಕ್ಕೆ ಜುಪಿಟರ್-೮. ಭೈರವಿ, ಲಲಿತ್, ಭೂಪಾಲಿ, ಮಾಲಕಂಸ್ ಮೊದಲಾದ ರಾಗಗಳು ಅದರಲ್ಲಿದ್ದುವು. (ಭೂಪಾಲಿಯೆಂದರೆ ನಮ್ಮ ಮೋಹನ, ಮಾಲಕಂಸವೆಂದರೆ ಹಿಂದೋಳ ಎಂದು ಸ್ಥೂಲವಾಗಿ ತಿಳಿಯಬಹುದು.) ತಟ್ಟೆ ಹೊರಬಂದಿತು, ಕೊಳ್ಳುವವರು ಬರಲಿಲ್ಲ, ಜನ ಮರೆತರು.

ಇಪ್ಪತ್ತು ವರ್ಷಗಳ ತರುವಾಯ, ೨೦೦೨ರಲ್ಲಿ, ಹಳೆಯ ಹಿಂದಿ ಚಿತ್ರಸಂಗೀತದ ತಟ್ಟೆಗಳನ್ನು ಸಂಗ್ರಹಿಸುತ್ತಿದ್ದ ಎಡೊ ಬೌಮನ್ ಎಂಬ ಡಚ್ಚರಿಗೆ ಅದರ ಪ್ರತಿಯೊಂದು ದೆಹಲಿಯಲ್ಲಿ ಸಿಕ್ಕಿತು. ಅವರು ಮುಂದೆ ಚರಣಜಿತ್ ಸಿಂಗರನ್ನೇ ಮುಂಬಯಿಯಲ್ಲಿ ಕಂಡು ೨೦೧೦ರಲ್ಲಿ ಅದನ್ನು ಮರಳಿ ಪ್ರಕಟಿಸಿದರು. ಆಗ ಎದ್ದ ಗದ್ದಲ ದೊಡ್ಡದು. ಏಕೆಂದರೆ ಅಮೆರಿಕದ ಷಿಕಾಗೊ ನಗರದಲ್ಲಿ ೧೯೮೭ರಲ್ಲಿ ಪ್ರಕಟವಾದ ತಟ್ಟೆಯೊಂದರಿಂದ ಪ್ರಸಿದ್ಧಿಗೆ ಬಂದ ‘ಆಸಿಡ್ ಹೌಸ್’ ಎಂಬ ನೃತ್ಯಸಂಗೀತದ ದನಿಯೇ ಐದು ವರ್ಷ ಮುಂಚಿನ ಈ ತಟ್ಟೆಯಲ್ಲಿ ಕೇಳಿಬರುತ್ತಿತ್ತು! ಇದು ಈಚೆಗೆ ಯಾರೋ ಹೂಡಿದ ಮೋಸವಿರಬೇಕೆಂದು ಶಂಕಿಸಿದವರೂ ಇದ್ದರು. ಎಪ್ಪತ್ತು ದಾಟಿದ ಚರಣಜಿತ್ ಸಿಂಗ್ ಯೂರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿ ೨೦೧೫ರಲ್ಲಿ ತೀರಿಕೊಂಡರು.

ಆಸಿಡ್ ಹೌಸನ್ನು ಭಾರತೀಯರೊಬ್ಬರು ಕಂಡುಹಿಡಿದರೆಂದು ಹೆಮ್ಮೆಪಡುವ ಲೇಖನಗಳು ಹಲವು ಬಂದಿವೆ. ನಮಗೆ ಅದು ಅತಿಯಾದ ಮಾತೆಂದು ತೋರುತ್ತದೆ. ಷಿಕಾಗೊದ ತರುಣರು ಈ ತಟ್ಟೆಯನ್ನು ಕೇಳಿದ್ದರೆನ್ನಲು ಆಧಾರವಿಲ್ಲ. ಸಾಮ್ಯದ ಗುಟ್ಟು ಟಿ.ಬಿ.-೩೦೩ ಯಂತ್ರದೊಳಗೇ ಇದೆ. ಅದು ಗರಗಸದ ಹಲ್ಲಿನ ಆಕಾರದ ವಿದ್ಯುತ್ ಅಲೆಯನ್ನು ಹುಟ್ಟಿಸುತ್ತದೆ. ಇಂಥ ಅಲೆಯಲ್ಲಿ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳೆಲ್ಲ ಬೆರೆತಿರುತ್ತವೆ. ಆ ಬಳಿಕ ಒಂದು ವಿದ್ಯುತ್ ಸೋಸುಕವು ಮೇಲಿನ ಉಪಸ್ವರಗಳನ್ನು ತಡೆಯುತ್ತದೆ. ತಡೆಯುವ ಗಡಿಯಲ್ಲಿ ಮಾತ್ರ ಅನುರಣನದಿಂದಾಗಿ ಕೆಲವು ಉಪಸ್ವರಗಳು ಉಬ್ಬಿ ಕೇಳುತ್ತವೆ. ಗುಂಡಿಯನ್ನು ತಿರುವಿದಂತೆಲ್ಲ ಆ ಗಡಿ ಸರಿಯುತ್ತ ದನಿ ಬಾಯ್ತೆರೆದು ಮುಚ್ಚಿದಂತಾಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಏರ್ಪಾಡೂ ಅದರಲ್ಲುಂಟು. ಜಾರು ಗಮಕವನ್ನು ಬಲ್ಲ ವಾದಕರೊಬ್ಬರು ಅಂಥ ಸೌಕರ್ಯವನ್ನು ಕಂಡು ಸುಮ್ಮನಿರುವರೇ? ಯಂತ್ರ ಒಂದು, ಅದರ ಸ್ವಭಾವವೂ ಒಂದು. ಎರಡು ಖಂಡಗಳ ಕೈಗಳು ಬೇರೆಬೇರೆಯಾಗಿ ಅದೇ ದನಿಗೆ ಬಂದು ಮುಟ್ಟಿದುವು ಎಂಬುದೇ ಹೆಚ್ಚು ಸ್ವಾರಸ್ಯವಾದ ಸಂಗತಿ.

ಈ ವಿಷಯವನ್ನು ಚರ್ಚಿಸಲು ಸಾಧ್ಯವಾದುದು ತಟ್ಟೆಯೊಂದು ಉಳಿದಿದ್ದುದರಿಂದ. ಆದಕಾರಣ ತಟ್ಟೆಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹನ್ನೆರಡು ಅಂಗುಲದ ತಟ್ಟೆಯಲ್ಲಿ ಸಂಗೀತದ ಗೀರು ಕೇಂದ್ರದಿಂದ ಸುಮಾರು ೧೪೬ ಮಿಲಿಮೀಟರ್ ದೂರದಲ್ಲಿ ಆರಂಭವಾಗಿ ಸುಮಾರು ೬೦ ಮಿಲಿಮೀಟರಿನ ಬಳಿ ಮುಗಿಯುತ್ತದೆ. ನಡುವೆ ಇರುವ ಸ್ಥಳ ೮೬ ಮಿಲಿಮೀಟರ್. ತಟ್ಟೆಯು ನಿಮಿಷಕ್ಕೆ ೩೩⅓ ಸುತ್ತು ತಿರುಗುವುದಾದರೆ, ಒಂದು ಮಗ್ಗುಲಿನಲ್ಲಿ ೨೫ ನಿಮಿಷಗಳ ಸಂಗೀತ ಹಿಡಿಸಲು ೮೩೩ ಸುತ್ತುಗಳು ಬೇಕು. ಅಂದರೆ ಸುತ್ತಿಗೂ ಸುತ್ತಿಗೂ ನಡುವೆ ದೊರೆಯುವ ಎಡೆ ಬರಿಯ ೦.೧ ಮಿಲಿಮೀಟರ್! ತಲೆಗೂದಲೊಂದರ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಾಲೇಜಿನ ಪ್ರಯೋಗಶಾಲೆಯ ಚಲಿಸುವ ಸೂಕ್ಷ್ಮದರ್ಶಕದಿಂದ ಇದನ್ನು ಅಳೆಯಬಹುದು. ನಾವು ವಿದ್ಯಾರ್ಥಿಗಳೊಡನೆ ಹತ್ತು ಗೀರುಗಳ ಅಗಲವನ್ನು ಅಳೆದು ಹತ್ತರಿಂದ ಭಾಗಿಸಿದಾಗ ಲೆಕ್ಕಕ್ಕೆ ಹತ್ತಿರದ ಉತ್ತರವೇ ಬಂದಿತು. ಲೋಲಕದ ಪ್ರಯೋಗವನ್ನು ನೂರನೆಯ ಬಾರಿ ಮಾಡುವುದಕ್ಕಿಂತ ಇದರಲ್ಲಿ ಅವರಿಗೆ ಉತ್ಸಾಹ ಹೆಚ್ಚಿದ್ದಿತೆಂದು ಹೇಳದೆ ಇರಲಾಗದು.

ಈ ಕಿರಿದಾದ ಎಡೆಯಲ್ಲಿ ಗೀರು ಅತ್ತಿತ್ತ ಬಳುಕಬೇಕು. ಬಳುಕುವ ವೇಗ ಒಂದೇ ಆಗಿದ್ದರೆ, ಸೆಕೆಂಡಿಗೆ ೫೦ ಕಂಪನಗಳ ಮಂದ್ರಸ್ವರವು ೧೦೦೦ ಕಂಪನಗಳ ಸ್ವರದ ಇಪ್ಪತ್ತರಷ್ಟು ಸ್ಥಳವನ್ನು ಬೇಡುತ್ತದೆ. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ನುಡಿಸುವಾಗ ಮತ್ತೆ ಏರಿಸುವ ಪದ್ಧತಿ ಇದೆ. ಆದರೂ ಡಿಸ್ಕೊ ತಾಳದ ದೊಡ್ಡ ಡೋಲಿಗೆ ಆ ಸ್ಥಳ ಸಾಲದು. ಇದಕ್ಕೆ ಪರಿಹಾರ ಒದಗಿದುದು ಆಕಸ್ಮಿಕವಾಗಿ. ೧೯೭೦ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ಟಾಮ್ ಮೌಲ್ಟನ್ ಎಂಬವರು ತಾವು ಬೆರೆಸಿದ ಹಾಡೊಂದರ ಮಾದರಿಯನ್ನು ಕೊರೆಸಲು ಹೋದಾಗ ಏಳು ಅಂಗುಲದ ಖಾಲಿ ತಟ್ಟೆಗಳು ಮುಗಿದಿದ್ದುವು. ತಂತ್ರಜ್ಞ ಹೋಸೆ ರೊಡ್ರಿಗಸ್ ಹತ್ತು ಅಂಗುಲದ ತಟ್ಟೆಯ ಮೇಲೆಯೇ ಗೀರುಗಳನ್ನು ದೂರದೂರ ಹರಡಿ ಕೊರೆದರು. ಶಬ್ದ ಹಿಂದೆಂದೂ ಕೇಳದಷ್ಟು ತುಂಬಿ ಬಂದಿತು. ಮುಂದೆ ಹನ್ನೆರಡು ಅಂಗುಲದ ಇಡೀ ಮಗ್ಗುಲನ್ನು ಒಂದೇ ಹಾಡಿಗೆ ಬಿಟ್ಟುಕೊಡುವ ಪರಿಪಾಟಿ ಬೆಳೆಯಿತು. ೧೯೭೬ರಲ್ಲಿ ವಾಲ್ಟರ್ ಗಿಬ್ಬನ್ಸ್ ಬೆರೆಸಿದ, ಒಂಬತ್ತು ನಿಮಿಷಗಳನ್ನು ಮೀರಿದ ‘ಟೆನ್ ಪರ್ಸೆಂಟ್’ ಎಂಬ ಹಾಡಿನಿಂದ ಇಂಥ ತಟ್ಟೆಗಳು ಸಾರ್ವಜನಿಕರಿಗೂ ದೊರೆಯತೊಡಗಿದುವು. ನಿಮಿಷಕ್ಕೆ ೪೫ ಸುತ್ತಿನಂತೆ ಆರು ನಿಮಿಷಗಳ ಹಾಡಾದರೆ ಸುತ್ತುಗಳು ೨೭೦ ಮಾತ್ರ, ಎಡೆ ೦.೩೨ ಮಿಲಿಮೀಟರ್. ಮೂರರಷ್ಟು!

ಅಪರೂಪದ ರೀಮಿಕ್ಸುಗಳ ದುರದೃಷ್ಟವೂ ಇಲ್ಲಿಂದಲೇ ಹುಟ್ಟುತ್ತದೆ. ನೃತ್ಯಶಾಲೆಗಳಲ್ಲಿ ನುಡಿಸಿ ನೋಡುವುದಕ್ಕೆಂದು ಒಂದೆರಡೇ ಪ್ರತಿಗಳನ್ನು ಕೊರೆಸುತ್ತಿದ್ದರು. ಇವು ಅಚ್ಚೊತ್ತಿದ ವಿನೈಲ್ ತಟ್ಟೆಗಳಲ್ಲ. ಅಲ್ಯೂಮಿನಿಯಂ ಹಲಗೆಗೆ ನೈಟ್ರೊಸೆಲ್ಯುಲೋಸ್ ಅರಗನ್ನು ಬಳಿದ ಮೆದು ತಟ್ಟೆಗಳು. ಪ್ರತಿ ಸಲ ಮುಳ್ಳು ಹರಿದಾಗಲೂ ಗೀರು ಸವೆಯುತ್ತದೆ. ನುಡಿಸದೆ ಇಟ್ಟರೂ ಕ್ಷೇಮವಿಲ್ಲ. ಅರಗನ್ನು ಮೆದುವಾಗಿಡಲು ಸೇರಿಸಿದ ಹರಳೆಣ್ಣೆ ಕಾಲಕ್ರಮದಲ್ಲಿ ವಿಘಟಿಸಿ ಬಿಳಿಯ ಮೇಣದಂಥ ಆಮ್ಲಗಳಾಗಿ ಮೇಲಕ್ಕೆ ಬರುತ್ತದೆ. ಅರಗು ಕುಗ್ಗುತ್ತದೆ, ಹಲಗೆ ಕುಗ್ಗುವುದಿಲ್ಲ. ಕೊನೆಗೆ ಸಂಗೀತದ ಪದರವೇ ಬಿರಿದು ಸಿಪ್ಪೆಯಂತೆ ಏಳುತ್ತದೆ. ಜಗತ್ತಿನಲ್ಲಿ ಎರಡೇ ಪ್ರತಿಗಳಿದ್ದ ಒಂದು ಮಿಶ್ರಣ ಹೀಗೆ ಕಪಾಟಿನೊಳಗೇ ಸತ್ತುಹೋಗಬಹುದು.

ಮೂಲ ಟೇಪು ಇದ್ದೇ ಇರುವುದಲ್ಲ ಎಂದು ವಾಚಕರು ಕೇಳಬಹುದು. ೧೯೭೦ ಮತ್ತು ೧೯೮೦ರ ದಶಕಗಳ ಅನೇಕ ಟೇಪುಗಳಲ್ಲಿ ಕಬ್ಬಿಣದ ಆಕ್ಸೈಡಿನ ಕಣಗಳನ್ನು ಹಿಡಿದಿಡುವ ಅಂಟು ಪಾಲಿಯೂರಿಥೇನ್ ಜಾತಿಯದು. ಅದು ಗಾಳಿಯ ತೇವದಿಂದ ಜಲವಿಶ್ಲೇಷಣೆಗೊಂಡು ಜಿಗುಟಾಗುತ್ತದೆ. ಅಂಥ ಟೇಪನ್ನು ಯಂತ್ರಕ್ಕೆ ಏರಿಸಿದರೆ ಕಿರುಗುಟ್ಟುತ್ತ ನಿಲ್ಲುತ್ತದೆ. ಕಂದು ಪುಡಿ ಯಂತ್ರದ ತಲೆಗೆ ಮೆತ್ತಿಕೊಳ್ಳುತ್ತದೆ. ಆ ಪುಡಿಯೇ ಸಂಗೀತ! ಮುಂಬಯಿ, ಮದರಾಸುಗಳಂಥ ಕಡಲ ಕರೆಯ ಊರುಗಳ ಗೋದಾಮುಗಳಲ್ಲಿ ಏನಾಗಿರಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಸುಮಾರು ೫೦ರಿಂದ ೫೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆಗಳ ಕಾಲ ಟೇಪನ್ನು ಹದವಾಗಿ ಬೆಚ್ಚಗಿಟ್ಟರೆ ಅಂಟು ತಾತ್ಕಾಲಿಕವಾಗಿ ಬಿಗಿಯುತ್ತದೆ. ಕೆಲವು ವಾರಗಳ ಅವಧಿಯೊಳಗೆ ನುಡಿಸಿ ಪ್ರತಿಮಾಡಿಕೊಳ್ಳಬೇಕು. ಅದಕ್ಕೂ ಹಿಂದಿನ ಅಸಿಟೇಟ್ ಟೇಪುಗಳಿಗೆ ಮಾತ್ರ ಈ ಚಿಕಿತ್ಸೆ ವಿಷ. ಬಿಸಿಯಲ್ಲಿ ಅವು ಸೊಟ್ಟಗಾಗಿ ಕೆಡುತ್ತವೆ.

ಚಲನಚಿತ್ರಗಳ ಸಂಗೀತಕ್ಕೆ ಇನ್ನೊಂದು ತೊಡಕುಂಟು. ಹಳೆಯ ೭೮ ಸುತ್ತಿನ ತಟ್ಟೆಯ ಮಗ್ಗುಲಿನಲ್ಲಿ ಮೂರೂ ಚಿಲ್ಲರೆ ನಿಮಿಷಗಳಷ್ಟೇ ಹಿಡಿಸುತ್ತಿದ್ದುದರಿಂದ, ಚಿತ್ರದಲ್ಲಿದ್ದ ಹಾಡನ್ನು ತಟ್ಟೆಗಾಗಿ ಮೊಟಕುಗೊಳಿಸಿಯೋ ಬೇರೆಯಾಗಿ ಹಾಡಿಸಿಯೋ ಮುದ್ರಿಸುವುದು ಸಾಮಾನ್ಯವಾಗಿತ್ತು. ಹಿನ್ನೆಲೆ ಸಂಗೀತವಂತೂ ಬಹುಪಾಲು ತಟ್ಟೆಯನ್ನೇ ಕಾಣಲಿಲ್ಲ. ಅದು ಇರುವುದು ಫಿಲ್ಮಿನ ಅಂಚಿನ ಕಿರಿದಾದ ಧ್ವನಿಪಥದಲ್ಲಿ, ಬೆಳಕು ನೆರಳುಗಳ ಗೆರೆಯಾಗಿ. ಫಿಲ್ಮು ಹೋದರೆ ಅದೂ ಹೋಯಿತು. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರಲ್ಲಿ ತೆರೆಕಂಡಿತು. ಇಂದು ಆ ಚಿತ್ರದ ಪ್ರತಿ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಉರಿಯಲು ಬೇಕಾದ ಆಮ್ಲಜನಕವನ್ನು ತನ್ನಲ್ಲಿಯೇ ಇಟ್ಟುಕೊಂಡಿರುವುದರಿಂದ ಹೊತ್ತಿಕೊಂಡರೆ ನಂದಿಸುವುದು ಬಲು ಕಷ್ಟ. ೨೦೦೩ರ ಜನವರಿಯಲ್ಲಿ ಪುಣೆಯ ಉಗ್ರಾಣವೊಂದರಲ್ಲಿ ಹಬ್ಬಿದ ಬೆಂಕಿಗೆ ಭಾರತದ ಎಷ್ಟೋ ಹಳೆಯ ಚಿತ್ರಗಳು ಆಹುತಿಯಾದುವು.

ಇನ್ನು ಸಿಕ್ಕಿದುದನ್ನು ಸರಿಯಾಗಿ ಓದುವ ಪ್ರಶ್ನೆ. ಮೊದಲನೆಯದು ವೇಗ. ಟೇಪಿನಲ್ಲಿ ವಿದ್ಯುತ್ ತಂತಿಗಳ ಗುಂಯ್ ಎಂಬ ಕ್ಷೀಣಶಬ್ದ ಸೇರಿರುವುದುಂಟು. ಅದು ನಮ್ಮ ದೇಶದಲ್ಲಿ ಸೆಕೆಂಡಿಗೆ ೫೦ ಕಂಪನಗಳದು. ನುಡಿಸಿದಾಗ ೫೧.೫ ಬಂದರೆ ಯಂತ್ರ ಶೇಕಡ ೩ರಷ್ಟು ಬೇಗ ಓಡುತ್ತಿದೆಯೆಂದು ತಿಳಿಯಬೇಕು. ಇದು ಅಲ್ಪವೆಂದು ತೋರಬಹುದು. ಆದರೆ ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರವೇ ಸುಮಾರು ಶೇಕಡ ೬. ರಾಗದ ಮುದ್ರಣದಲ್ಲಿ ಆಧಾರಷಡ್ಜವೇ ಅರ್ಧ ಸ್ಥಾನದಷ್ಟು ಏರಿದರೆ ಕಲಾವಿದರ ಶ್ರುತಿಯ ಬಗೆಗೆ ತಪ್ಪು ತೀರ್ಮಾನಕ್ಕೆ ಬಂದಂತಾಗುವುದು. ಆದರೆ ಈ ಸಾಕ್ಷಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಆ ದಶಕಗಳಲ್ಲಿ ನಮ್ಮ ವಿದ್ಯುಜ್ಜಾಲದ ಕಂಪನವೇ ಬೇಡಿಕೆ ಹೆಚ್ಚಿದಾಗ ೫೦ಕ್ಕಿಂತ ಕೆಳಕ್ಕೆ ಇಳಿಯುತ್ತಿತ್ತು. ಹಾರ್ಮೋನಿಯಂನಂಥ ಸ್ಥಿರಶ್ರುತಿಯ ವಾದ್ಯವೊಂದು ಅದೇ ಮುದ್ರಣದಲ್ಲಿದ್ದರೆ ಅದನ್ನು ಎರಡನೆಯ ಸಾಕ್ಷಿಯಾಗಿ ಕರೆಯಬೇಕು.

ಎರಡನೆಯದು ಸವಕಳಿ. ಗೀರಿನ ಗೋಡೆಯಲ್ಲಿ ಹಿಂದಿನ ಮುಳ್ಳುಗಳು ಹರಿದ ಎತ್ತರ ಮಾತ್ರ ಸವೆದಿರುತ್ತದೆ. ಬೇರೆ ಗಾತ್ರದ ತುದಿಯ ಮುಳ್ಳು ಸ್ವಲ್ಪ ಮೇಲೆಯೋ ಕೆಳಗೆಯೋ ಕುಳಿತು ಸವೆಯದ ಭಾಗವನ್ನು ಓದಬಲ್ಲದು. ಒಡೆದ ತಟ್ಟೆಗೆ ಮುಳ್ಳನ್ನೇ ತಾಕಿಸುವಂತಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯ ಕಾರ್ಲ್ ಹೇಬರ್ ಮತ್ತು ವಿಟಾಲಿ ಫದೆಯೆವ್ ಮೂಲಕಣಗಳ ಜಾಡುಗಳನ್ನು ಅಳೆಯುವ ಕೆಲಸದಲ್ಲಿದ್ದವರು. ಆ ವಿದ್ಯೆಯನ್ನೇ ಗೀರಿನ ಜಾಡಿಗೂ ಅನ್ವಯಿಸಿ, ತಟ್ಟೆಯ ಸೂಕ್ಷ್ಮಚಿತ್ರಗಳನ್ನು ತೆಗೆದು ಗಣಕದಿಂದ ಶಬ್ದವನ್ನು ಲೆಕ್ಕಹಾಕುವ ‘ಐರೀನ್’ ಎಂಬ ಸಲಕರಣೆಯನ್ನು ರೂಪಿಸಿದರು. ಮುಟ್ಟದೆ ಕೇಳುವ ವಿಧಾನವಿದು. ಬೆರೆತುಹೋದ ವಾದ್ಯಗಳನ್ನು ಬಿಡಿಸುವ ಗಣಕವಿಧಾನಗಳೂ ಈಗ ಬಂದಿವೆ. ೨೦೨೨ರಲ್ಲಿ ಬೀಟಲ್ಸ್ ತಂಡದ ೧೯೬೬ರ ‘ರಿವಾಲ್ವರ್’ ಮುದ್ರಣವನ್ನು ಹೀಗೆ ಬಿಡಿಸಿ ಮತ್ತೆ ಬೆರೆಸಿ ಪ್ರಕಟಿಸಿದರು. ಬೆಂದ ಸಾರಿನಿಂದ ಉಪ್ಪು, ಹುಳಿ, ಖಾರಗಳನ್ನು ಬೇರೆಬೇರೆ ಬಟ್ಟಲಿಗೆ ತೆಗೆದಂಥ ಸಾಹಸ! ಆದರೆ ಶುದ್ಧಮಾಡುವ ಉತ್ಸಾಹದಲ್ಲಿ ಚಟಪಟ ಸದ್ದಿನೊಡನೆ ತಾಳದ ಝಣತ್ಕಾರವನ್ನೂ ತೊಳೆದುಹಾಕಿದ ಮರುಪ್ರಕಟಣೆಗಳನ್ನು ನಾವು ಕೇಳಿದ್ದೇವೆ. ಅದಕ್ಕಿಂತ ಧೂಳಿನ ಸದ್ದಿರುವ ತಟ್ಟೆಯೇ ನಮಗೆ ಮೇಲೆನಿಸುತ್ತದೆ.

ವಾಚಕರಲ್ಲಿ ಕೆಲವರ ಮನೆಯ ಅಟ್ಟದಲ್ಲಿಯೂ ಅಂಥ ತಟ್ಟೆಗಳಿರಬಹುದು. ಕೂಡಲೇ ಹಳೆಯ ಯಂತ್ರಕ್ಕೆ ಏರಿಸುವುದು ಬೇಡ. ಸವೆದ ಮುಳ್ಳು ಒಂದೇ ಸಲಕ್ಕೆ ಗೀರನ್ನು ಉತ್ತುಬಿಡುತ್ತದೆ. ಭಾರವಾಗಿ, ಬಿದ್ದರೆ ಒಡೆಯುವಂತಿರುವ ೭೮ ಸುತ್ತಿನ ತಟ್ಟೆ ಅರಗಿನದು. ಅದಕ್ಕೆ ಸ್ಪಿರಿಟ್ ಸೋಕಿದರೆ ಅರಗು ಕರಗುತ್ತದೆ. ಶುದ್ಧ ಆಸವಿತ ಜಲದಲ್ಲಿ ನೆನೆಸಿದ ಮೆದು ಬಟ್ಟೆಯಿಂದ ಗೀರಿನ ದಿಕ್ಕಿನಲ್ಲೇ ಒರಸಿ, ನೆರಳಿನಲ್ಲಿ ಆರಿಸಿ, ಪುಸ್ತಕದಂತೆ ನೇರವಾಗಿ ನಿಲ್ಲಿಸಿಡಬೇಕು. ಅಲ್ಯೂಮಿನಿಯಂ ಹಲಗೆಯ ಅರಗು ತಟ್ಟೆಯಾದರೆ ಒರಸುವ ಗೋಜಿಗೂ ಹೋಗದೆ ಬಲ್ಲವರಿಗೆ ತೋರಿಸಬೇಕು. ಚೀಟಿ ಹರಿದುಹೋಗಿದ್ದರೂ ಚಿಂತೆಯಿಲ್ಲ. ಗೀರುಗಳು ಮುಗಿದು ಚೀಟಿ ಆರಂಭವಾಗುವ ನಡುವಿನ ನಯವಾದ ಪಟ್ಟಿಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಸಣ್ಣ ಅಕ್ಷರಗಳೂ ಅಂಕಿಗಳೂ ಕಾಣುತ್ತವೆ. ಅದು ಅಚ್ಚಿನ ಸಂಖ್ಯೆ. ಅದನ್ನು, ಎರಡು ಮಗ್ಗುಲಿನದನ್ನೂ, ಒಂದಕ್ಷರ ಬಿಡದೆ ಬರೆದಿಟ್ಟುಕೊಳ್ಳಬೇಕು. ಮುಂಬಯಿಯಲ್ಲಿ ೧೯೯೦ರಲ್ಲಿ ಆರಂಭವಾದ ಭಾರತೀಯ ರೆಕಾರ್ಡು ಸಂಗ್ರಾಹಕರ ಸಂಘದವರಂಥ ಬಲ್ಲವರು ಆ ಸಂಖ್ಯೆಯ ಜಾಡನ್ನು ಹಿಡಿದು, ಹಾಡಿದವರಾರು, ಎಂದು ಮುದ್ರಿಸಿದರು ಎಂಬುದನ್ನು ಕಂಡುಹಿಡಿಯಲು ನೆರವಾಗಬಲ್ಲರು.