ಒಂದು ವಿಳಾಸ, ಮೂರು ಪರೀಕ್ಷೆ

‘ನಮ್ಮೂರಿನ ಹೆಸರು ಒಂದು ಆ್ಯಪ್‌ನಲ್ಲಿ ಸರಿಯಾಗಿ ಕಾಣುತ್ತದೆ, ಇನ್ನೊಂದರಲ್ಲಿ ಒತ್ತು ಕಳಚಿ ಬೀಳುತ್ತದೆ. ಫಾಂಟ್ ಬದಲಿಸಲೇ?’ ಇದು ತಾಳ್ಯದ ಓದುಗರೊಬ್ಬರ ಪ್ರಶ್ನೆ.

ಬೇಡ. ಕನ್ನಡ ಕೆಟ್ಟು ಕಂಡ ಕೂಡಲೇ ಫಾಂಟನ್ನು ಬೈದು, ಸಿಕ್ಕಸಿಕ್ಕಲ್ಲಿಂದ ಹೊಸದನ್ನು ಇಳಿಸಿಕೊಳ್ಳುವ ಚಾಳಿ ನಮ್ಮಲ್ಲಿ ಬಲವಾಗಿದೆ. ಎಷ್ಟೋ ಸಲ ಫಾಂಟ್ ನಿರಪರಾಧಿ.

ಅವರ ವಿಳಾಸವನ್ನೇ ನೋಡಿ: ತಾಳ್ಯ, ಹೊಳಲ್ಕೆರೆ, ಚಿತ್ರದುರ್ಗ. ‘ತಾಳ್ಯ’ ಕಂಪ್ಯೂಟರಿನ ಪಾಲಿಗೆ ಸಾಲಾಗಿ ನಿಂತ ಐದು ಯೂನಿಕೋಡ್ ಸಂಕೇತ: ತ, ದೀರ್ಘ, ಳ, ಹಲಂತ, ಯ. ಕೊನೆಯ ‘ಯ’ವನ್ನು ಒತ್ತಾಗಿಸಬೇಕು. ‘ಹೊಳಲ್ಕೆರೆ’ಯಲ್ಲಿ ಎತ್ವವನ್ನು ಒತ್ತುವುದು ‘ಕ’ ಆದ ಮೇಲೆ, ಅದು ಹೋಗಿ ಕೂರುವುದು ಹಿಂದಿನ ‘ಲ’ದ ತಲೆಯ ಮೇಲೆ! ‘ದುರ್ಗ’ದಲ್ಲಿ ಮೊದಲು ಬಂದ ‘ರ’ ಅರ್ಕಾವತ್ತಾಗಿ ‘ಗ’ದ ಬಲಕ್ಕೆ ಜಿಗಿಯುತ್ತದೆ. ಎಂಥ ಸೊಗಸಾದ ಕಸರತ್ತು!

ಇದನ್ನು ಮಾಡಿಸುವ ಕೋಡನ್ನು ಆ್ಯಪ್ ತಯಾರಿಸುವವರು ಬರೆಯುವುದಿಲ್ಲ. ಅದು ಬೇರೆಯವರು ಬರೆದಿಟ್ಟ ಲೈಬ್ರರಿ. ಆ್ಯಪ್ ಅದನ್ನು ನೆಚ್ಚಿಕೊಂಡಿರುತ್ತದೆ. ಡೆವಲಪರ್‌ಗಳು ‘ಡಿಪೆಂಡೆನ್ಸಿ’ ಎನ್ನುವುದು ಇದಕ್ಕೇ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸ ಹಾರ್ಫ್‌ಬಜ್‌ನದು. ಐಫೋನಿನಲ್ಲಿ ಕೋರ್ ಟೆಕ್ಸ್ಟ್, ವಿಂಡೋಸ್‌ನಲ್ಲಿ ಡೈರೆಕ್ಟ್‌ರೈಟ್. ಇಂಥ ವ್ಯವಸ್ಥೆ ಎಡವಿದರೆ ಏನಾಗುತ್ತದೆ ನೋಡಿ: 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ರೂಪವೊಂದು ಪರದೆಗೆ ಬಂದರೆ ಸಾಕು, ಐಫೋನಿನ ಮೆಸೇಜು, ವಾಟ್ಸ್‌ಆ್ಯಪ್ ಎಲ್ಲವೂ ಮುಚ್ಚಿಹೋಗುತ್ತಿದ್ದವು. ಅಕ್ಷರದಲ್ಲಿ ವೈರಸ್ ಇರಲಿಲ್ಲ, ಆ ಆ್ಯಪ್‌ಗಳದೂ ತಪ್ಪಿರಲಿಲ್ಲ. ಎಲ್ಲವೂ ನೆಚ್ಚಿಕೊಂಡಿದ್ದ ವ್ಯವಸ್ಥೆ ಎಡವಿತ್ತು. ಅದೇ ತಿಂಗಳು ಐಓಎಸ್ 11.2.6 ಬಂದು ದೋಷ ಸರಿಹೋಯಿತು.

ಹಾಗಾದರೆ ಡೆವಲಪರ್ ಏನು ಮಾಡಬೇಕು? ತಾನು ಬಳಸುವ ಪ್ರತಿ ಲೈಬ್ರರಿಯ ಆವೃತ್ತಿಯನ್ನು ಲಾಕ್ ಫೈಲಿನಲ್ಲಿ ಬರೆದಿಟ್ಟರೆ ತಂಡದ ಎಲ್ಲರ ಕಂಪ್ಯೂಟರಿನಲ್ಲೂ ಅದೇ ಆವೃತ್ತಿ ಇರುತ್ತದೆ. ಆದರೆ ಫೋನಿನ ಜೊತೆಗೇ ಬಂದ ಲೈಬ್ರರಿಗೆ ಈ ಬೀಗ ಹತ್ತದು. ಹಳೇ ಫೋನಿನಲ್ಲಿ ಹಳೆಯದೇ ಇರುತ್ತದೆ. ಇದಕ್ಕೊಂದು ದಾರಿಯಿದೆ: ಆ್ಯಪ್ ಕಟ್ಟುವ ಸಲಕರಣೆಯಾದ ಫ್ಲಟರ್ ಹಾರ್ಫ್‌ಬಜ್ಜನ್ನು ಆ್ಯಪಿನೊಳಗೇ ಕಟ್ಟಿಕೊಂಡು ಬರುತ್ತದೆ. ಆ್ಯಪ್ ದಪ್ಪವಾಗುತ್ತದೆ, ಲೈಬ್ರರಿಯಲ್ಲಿ ದೋಷ ಕಂಡಾಗ ಹೊಸ ಆವೃತ್ತಿ ಸೇರಿಸಿ ಕೊಡುವ ಹೊಣೆಯೂ ತಯಾರಕರ ತಲೆಗೇ ಬರುತ್ತದೆ. ಆದರೂ ಕನ್ನಡದ ಆ್ಯಪ್‌ಗಳಿಗೆ ಇದೇ ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ.

ಆ್ಯಪ್ ಮಾಡುವ ಗೆಳೆಯರೇ, ಬಿಡುಗಡೆಗೆ ಮೊದಲು ಈ ವಿಳಾಸವನ್ನು ಹಳೆಯ ಫೋನೊಂದರಲ್ಲಿ ಬರೆದು ನೋಡಿ. ಓದುಗರೇ, ಅಕ್ಷರ ಒಡೆದರೆ ಸ್ಕ್ರೀನ್‌ಶಾಟ್ ತೆಗೆದು, ಫೋನಿನ ಆವೃತ್ತಿ ನಮೂದಿಸಿ ತಯಾರಕರಿಗೆ ಕಳುಹಿಸಿ.